ಹೊರಬಂದವನಿಗೆ ಕಾಲೇಜಿನಲ್ಲಿ ಸೀಟು ಇದೆಯೇ?

ಹುಡುಗನೊಬ್ಬ ಕಳ್ಳತನದಲ್ಲೋ ಹೊಡೆದಾಟದಲ್ಲೋ ಸಿಕ್ಕಿಬಿದ್ದ ಸುದ್ದಿ ಬಂದರೆ ಸಾಕು, ಅವನ ಫೋಟೊ, ಹೆಸರು, ಓದುವ ಕಾಲೇಜು ಎಲ್ಲವೂ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಬಂದುಬಿಡುತ್ತವೆ. ಹಾಗೆ ಹಂಚುವುದೂ ಅಪರಾಧವೇ ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಇಂಥ ಪ್ರಕರಣದಲ್ಲಿ 18 ವರ್ಷದೊಳಗಿನವರ ಗುರುತು ಬಯಲು ಮಾಡಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಈ ಕಾಯ್ದೆ ಮಕ್ಕಳನ್ನು ಲಾಕಪ್ಪಿಗೆ ಹಾಕಬಾರದು ಎನ್ನುತ್ತದೆ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರಿರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ. ಮಂಡಳಿ ಕೌನ್ಸೆಲಿಂಗ್ ಕೊಡಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ಶಾಲೆಗೆ ಹೋಗು ಎಂದೂ ಆದೇಶಿಸಬಹುದು.

2012ರ ದೆಹಲಿ ಪ್ರಕರಣದ ನಂತರ ಬಂದ ಈ ಕಾಯ್ದೆಯಲ್ಲಿ, 16 ದಾಟಿದವರು ಘೋರ ಅಪರಾಧ ಮಾಡಿದರೆ ವಯಸ್ಕರಂತೆ ವಿಚಾರಣೆ ನಡೆಸಲು ಅವಕಾಶವಿದೆ. ಅದು ಸರಿಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನೊಂದವರ ಸಂಕಟ ಮರೆತು ಮಾತಾಡುವ ವಿಷಯವೂ ಅದಲ್ಲ. ಆದರೆ ನಮ್ಮ ಮಾತೆಲ್ಲ ಅಲ್ಲಿಗೇ ನಿಂತುಬಿಡುತ್ತದೆ. ಮೊಬೈಲ್ ಕದ್ದವನು, ಗೆಳೆಯರ ಜೊತೆ ಸೇರಿ ಯಾರಿಗೋ ಹೊಡೆದವನು ವೀಕ್ಷಣಾಲಯದಿಂದ ಹೊರಬಂದ ಮೇಲೆ ಏನಾಗುತ್ತಾನೆ ಎಂದು ಕೇಳುವವರು ಕಡಿಮೆ.

ಮಂಡಳಿ ಓದು ಎನ್ನುತ್ತದೆ ಸರಿ, ಸೇರಿಸಿಕೊಳ್ಳುವವರು ಯಾರು? ಪಿಯು ಪರೀಕ್ಷೆಗೆ ಶೇ. 75 ಹಾಜರಾತಿ ಬೇಕು. ವಿಚಾರಣೆಗೆಂದು ಅಲೆದ ದಿನಗಳು ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ತಾನೇ? ಬೇರೆ ಕಾಲೇಜಿಗೆ ಹೋದರೆ ಟಿ.ಸಿ., ನಡತೆ ಪ್ರಮಾಣಪತ್ರ ಕೇಳುತ್ತಾರೆ. ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಕೂಡ ಕೊಡುವಂತಿಲ್ಲ ಎಂದು ಅದೇ 74ನೇ ಸೆಕ್ಷನ್ ಹೇಳುತ್ತದೆ. ಪೊಲೀಸರು ಹೇಳಬಾರದ್ದನ್ನು ಊರ ಬಾಯಿ ಹೇಳುತ್ತದೆ, ಕಾಲೇಜು ಅದನ್ನೇ ನಂಬುತ್ತದೆ. ತೌಬಾದ ಬಾಗಿಲು ತೆರೆದಿದೆ ಎಂದು ಮಸೀದಿಯಲ್ಲಿ ಕೇಳಿ ತಲೆಯಾಡಿಸುವ ನಾವೇ, ಅಂಥವನು ಪಕ್ಕದ ಬೆಂಚಿಗೆ ಬಂದರೆ ಬ್ಯಾಗ್ ಎತ್ತಿಕೊಂಡು ಹಿಂದಕ್ಕೆ ಹೋಗುತ್ತೇವೆ.

ನಮ್ಮ ಕಾಲೇಜಿನಿಂದ ಒಂದು ಆರಂಭ ಆಗಲಿ ಎಂಬುದು ನನ್ನ ಕೋರಿಕೆ. ಇಂಥ ವಿದ್ಯಾರ್ಥಿ ಅರ್ಜಿ ಹಾಕಿದರೆ ಹಳೆಯ ಪ್ರಕರಣದ ಕಾರಣಕ್ಕೆ ಸೀಟು ನಿರಾಕರಿಸುವುದಿಲ್ಲ ಎಂದು ಆಡಳಿತ ಮಂಡಳಿ ಬರಹದಲ್ಲಿ ತೀರ್ಮಾನಿಸಲಿ. ಅವನ ಓದು, ಬಿಟ್ಟುಹೋದ ಪಾಠ ನೋಡಿಕೊಳ್ಳಲು ಒಬ್ಬ ಉಪನ್ಯಾಸಕರಿರಲಿ. ಹಿನ್ನೆಲೆ ಅವರಿಗೆ ಮತ್ತು ಪ್ರಾಂಶುಪಾಲರಿಗೆ ಮಾತ್ರ ತಿಳಿದಿದ್ದರೆ ಸಾಕು. ಹಾಜರಾತಿ ವಿನಾಯಿತಿಗಾಗಿ ಪಿಯು ಇಲಾಖೆಗೆ ಕಾಲೇಜೇ ಪತ್ರ ಬರೆಯಲಿ. ಮುಂದಿನ ಸಾಲಿನ ಅಡ್ಮಿಷನ್ ಶುರುವಾಗುವ ಮೊದಲು ಇಷ್ಟಾದರೆ ಒಳ್ಳೆಯದು. ಇನ್ನು ಕ್ಲಾಸ್ ಗ್ರೂಪುಗಳ ಅಡ್ಮಿನ್‌ಗಳು ಅಂಥ ಫೋಟೊಗಳನ್ನು ಇವತ್ತೇ ಅಳಿಸಬಹುದು, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.