ಬೋಟಿನ ಮೂವರು ಗೊತ್ತು, ಸೈಕಲ್ಲಿನ ಮೂವರು?

ಹಳೇ ಪುಸ್ತಕ ಸರಣಿ. ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಓದಿ ☕

ಜೆರೋಮ್ ಕೆ. ಜೆರೋಮ್ ಅಂದ ಕೂಡಲೇ ನೀವು ‘ತ್ರೀ ಮೆನ್ ಇನ್ ಎ ಬೋಟ್’ ಅಂತೀರಿ. ಸರಿ. ಅದು ಬಂದದ್ದು 1889ರಲ್ಲಿ. ಅದೇ ಮೂವರು, ಅಂದ್ರೆ ಜಾರ್ಜ್, ಹ್ಯಾರಿಸ್ ಮತ್ತು ಕಥೆ ಹೇಳುವ ‘ಜೆ’, 1900ರಲ್ಲಿ ಸೈಕಲ್ ತಗೊಂಡು ಜರ್ಮನಿಗೆ ಹೋದರು. ಪುಸ್ತಕದ ಹೆಸರು ‘ತ್ರೀ ಮೆನ್ ಆನ್ ದ ಬಮ್ಮೆಲ್’. ಓದಿದವರೆಲ್ಲ ಒಂದೇ ಮಾತು ಹೇಳ್ತಾರೆ: “ಪರವಾಗಿಲ್ಲ, ಆದ್ರೆ ಬೋಟ್‌ನಷ್ಟು ಇಲ್ಲ.”

ನಾನು ಒಪ್ಪಲ್ಲ.

ಕೊರತೆಗಳಿವೆ, ನಿಜ. ಕಥೆಯನ್ನು ಹಿಡಿದಿಡೋಕೆ ಇಲ್ಲಿ ನದಿ ಇಲ್ಲ. ನಾಯಿ ಮಾಂಟ್‌ಮೊರೆನ್ಸಿಯೂ ಇಲ್ಲ. ಸೈಕಲ್ ಪ್ರವಾಸ ಅಂತ ಹೆಸರಿದ್ದರೂ ರೈಲಿನಲ್ಲೇ ಬೇಕಾದಷ್ಟು ದೂರ ಹೋಗ್ತಾರೆ. ಆದರೆ ನಗು? ಸರಿಯಾಗಿಯೇ ಇದ್ದ ಸೈಕಲ್ಲಿನ ಮುಂದಿನ ಚಕ್ರವನ್ನು ಒಬ್ಬ ಗೆಳೆಯ “ಅಲ್ಲಾಡ್ತಿದೆ” ಅಂತ ಬಿಚ್ಚುತ್ತಾನೆ. ಬೇರಿಂಗಿನ ಗುಂಡುಗಳೆಲ್ಲ ನೆಲದ ಮೇಲೆ! ಓಡೋ ಮಿಕ್ಸಿಯನ್ನ ರಿಪೇರಿ ಮಾಡ್ತೀನಿ ಅಂತ ಕೂರುವ ಮಾವ ನಿಮ್ಮ ಮನೆಯಲ್ಲೂ ಇದ್ದಾರೆ ತಾನೇ? ಹಾಗಿದ್ರೆ ಈ ಅಧ್ಯಾಯ ಅವರ ಕೈಗೆ ಕೊಡಬೇಡಿ.

ಆದರೆ ನಾನು ಈ ಪುಸ್ತಕವನ್ನ ಓದಿ ಅನ್ನೋದು ನಗುವಿಗಷ್ಟೇ ಅಲ್ಲ.

ಜರ್ಮನಿಯಲ್ಲಿ ಈ ಮೂವರಿಗೆ ಎದುರಾಗೋದು ನಿಯಮಗಳು. ಹುಲ್ಲಿನ ಮೇಲೆ ಕಾಲಿಡಬಾರದು. ಮಗುವಿನ ತಳ್ಳುಗಾಡಿ ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಅನ್ನೋದಕ್ಕೂ ಕಾನೂನು. ಸುಮ್ಮನೆ ತಪ್ಪು ಮಾಡೋ ಆಸೆ ಇರೋ ಇಂಗ್ಲಿಷ್ ಹುಡುಗನಿಗೆ ಇಷ್ಟು ಅಗ್ಗವಾಗಿ ದಂಡ ಬೀಳೋ ದೇಶ ಇನ್ನೊಂದಿಲ್ಲ ಅಂತ ಜೆರೋಮ್ ತಮಾಷೆ ಮಾಡ್ತಾರೆ. ಬರೀ ಜರ್ಮನರನ್ನೇ ಗೇಲಿ ಮಾಡಿದ್ದಾರೆ ಅಂದ್ಕೋಬೇಡಿ. ಬೇರೆ ಭಾಷೆ ಕಲಿಯೋಕೇ ಒಲ್ಲದ ಇಂಗ್ಲಿಷರಿಗೂ ಪೆಟ್ಟು ಬಿದ್ದಿದೆ. ಹ್ಯಾನೋವರ್‌ನಲ್ಲಿ ರಸ್ತೆಗೆ ನೀರು ಹಾಯಿಸುತ್ತಿದ್ದವನ ಪೈಪಿಗೆ ಕೈಹಾಕಿ ಊರವರನ್ನೆಲ್ಲ ತೋಯಿಸುವವನೂ ನಮ್ಮ ಹ್ಯಾರಿಸ್ಸೇ.

ಕೊನೆಯ ಅಧ್ಯಾಯದಲ್ಲಿ ಮಾತ್ರ ದನಿ ಬದಲಾಗುತ್ತೆ. ಜರ್ಮನರು ಒಳ್ಳೆಯವರು ಅಂತ ಮನಸ್ಸು ಬಿಚ್ಚಿ ಹೊಗಳ್ತಾರೆ. ಜೊತೆಗೇ ಒಂದು ಎಚ್ಚರಿಕೆ: ಸಮವಸ್ತ್ರ ಹೇಳಿದ್ದಕ್ಕೆಲ್ಲ ತಲೆಬಾಗುವುದೇ ಕರ್ತವ್ಯ ಅಂತ ಕಲಿತ ಜನಕ್ಕೆ, ಆಳುವವರು ಒಳ್ಳೆಯವರಾಗಿರುವವರೆಗೆ ಎಲ್ಲ ಸರಿ. ಆಳುವ ಯಂತ್ರವೇ ಕೆಟ್ಟ ದಿನ ಕಷ್ಟ ಶುರು.

ಇದು 1900ರ ಮಾತು. 14 ವರ್ಷಕ್ಕೆ ಮಹಾಯುದ್ಧ. ವಯಸ್ಸಾದ ಜೆರೋಮ್ ಫ್ರೆಂಚ್ ಸೈನ್ಯದ ಆಂಬ್ಯುಲೆನ್ಸ್ ಓಡಿಸೋಕೆ ಹೋದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅವರು ಬದುಕಿರಲಿಲ್ಲ. 1927ರಲ್ಲೇ ತೀರಿಕೊಂಡಿದ್ದರು.

ಭವಿಷ್ಯ ನುಡಿದರು ಅಂತ ನಾನು ಹೇಳ್ತಿಲ್ಲ. ಒಂದಿಡೀ ಜನಾಂಗ ಹೀಗೇ ಅಂತ ತೀರ್ಪು ಕೊಡೋದೂ ತಪ್ಪೇ, ಆ ತಪ್ಪು ಈ ಪುಸ್ತಕದಲ್ಲಿದೆ. ಆದರೆ ಹುಲ್ಲಿನ ಮೇಲಿನ ಬೋರ್ಡ್ ನೋಡಿ ನಕ್ಕವನಿಗೆ ಆ ಬೋರ್ಡಿನ ಹಿಂದಿನ ಅಭ್ಯಾಸವೂ ಕಂಡಿತು. ವಿಧೇಯತೆ ಒಂದು ಒಳ್ಳೇ ಗುಣ ಅಂತ ಮಕ್ಕಳಿಗೆ ಹೇಳಿಕೊಡ್ತೀವಲ್ಲ, ಯಾರಿಗೆ ಮತ್ತು ಎಲ್ಲಿಯವರೆಗೆ ಅಂತಲೂ ಹೇಳ್ತೀವಾ? ಈ ಪ್ರಶ್ನೆ ಜರ್ಮನಿಯದ್ದು ಮಾತ್ರ ಅಲ್ಲ.

‘ಬಮ್ಮೆಲ್’ ಅಂದ್ರೆ ಗುರಿ ಇಲ್ಲದ ತಿರುಗಾಟ. ಹೊತ್ತಿಗೆ ಸರಿಯಾಗಿ ಹೊರಟಲ್ಲಿಗೇ ವಾಪಸ್ ಬರಬೇಕು, ಅಷ್ಟೇ ಷರತ್ತು. ಈ ಪುಸ್ತಕವೂ ಹಾಗೇ ಅಲೆದಾಡಿಸುತ್ತೆ. ಆದರೆ ನೀವು ವಾಪಸ್ ಬರುವಾಗ ಜೇಬಿನಲ್ಲೊಂದು ಪ್ರಶ್ನೆ ಇರುತ್ತೆ.

ಬೋಟಾ, ಸೈಕಲ್ಲಾ? ನಿಮ್ಮ ಓಟು ಕಮೆಂಟಿನಲ್ಲಿ ಹಾಕಿ. ಜಗಳಕ್ಕೆ ನಾನು ರೆಡಿ 🚲

#ಹಳೇಪುಸ್ತಕ #ಓದು #ಜೆರೋಮ್ #ಸೈಕಲ್