ಎಣಿಕೆಯ ಮೂವತ್ತಮೂರನೆಯ ದಿನ

ಅನ್ಯಧರ್ಮೀಯರ ಹಬ್ಬಗಳೆಂದರೆ ಅವರ ಮಹಾಪರ್ವಗಳಷ್ಟೇ ನಮ್ಮ ಗಮನಕ್ಕೆ ಬರುವುದು ವಾಡಿಕೆ. ಯಹೂದ್ಯರ ವಿಷಯದಲ್ಲಿಯೂ ಅಷ್ಟೆ. ಈಜಿಪ್ತದ ದಾಸ್ಯದಿಂದ ಬಿಡುಗಡೆ ಹೊಂದಿದುದರ ಸ್ಮರಣೆಯಾದ ಪಸ್ಖ ಹಬ್ಬದ ಹೆಸರನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಅದಾದ ಒಂದು ತಿಂಗಳಿಗೆ, ವಸಂತಕಾಲದಲ್ಲಿಯೇ ಬರುವ ‘ಲಗ್ ಬಓಮರ್’ ಎಂಬ ಕಿರುಹಬ್ಬವನ್ನು ಬಲ್ಲವರು ವಿರಳ. ಯಹೂದ್ಯರ ಮೂಲ ಧರ್ಮಗ್ರಂಥವಾದ ತೋರಾದಲ್ಲಿ ಇದರ ಹೆಸರಿಲ್ಲ. ಅಂದು ಕೆಲಸ ನಿಲ್ಲಿಸಬೇಕೆಂಬ ವಿಧಿಯಿಲ್ಲ. ‘ಸಿನಗಾಗ್’ ಎನಿಸಿಕೊಳ್ಳುವ ಅವರ ಪ್ರಾರ್ಥನಾಮಂದಿರದಲ್ಲಿ ಗ್ರಂಥದ ವಿಶೇಷ ಪಾರಾಯಣವೂ ಇಲ್ಲ. ನಿತ್ಯದ ಪ್ರಾರ್ಥನೆಯಿಂದ ಪಶ್ಚಾತ್ತಾಪದ ಒಂದು ಭಾಗವನ್ನು ಅಂದು ಕೈಬಿಡುವರು, ಅಷ್ಟೆ. ಇಂಥ ಸಣ್ಣ ಹಬ್ಬವನ್ನು ಈ ತಿಂಗಳ ಅಂಕಣಕ್ಕೆ ನಾವು ಆರಿಸಿಕೊಂಡುದಕ್ಕೆ ಅದರ ಹಿಂದಿರುವ ಶೋಕದ ಕಥೆಯೇ ಕಾರಣ. ಗುರುಕುಲಗಳಲ್ಲಿ, ಮಠಗಳಲ್ಲಿ ಓದಿ ಬೆಳೆದ ನಮ್ಮಂಥವರು ಆ ಕಥೆಯನ್ನು ತುಸು ನಿಧಾನವಾಗಿಯೇ ಓದಬೇಕಾಗಿದೆ.

ಮೊದಲು ಹಬ್ಬದ ಹೆಸರನ್ನು ತಿಳಿಯೋಣ. ಪಸ್ಖದ ಎರಡನೆಯ ರಾತ್ರಿಯಿಂದ ಮೊದಲ್ಗೊಂಡು ನಲವತ್ತೊಂಬತ್ತು ದಿನಗಳನ್ನು ಒಂದೊಂದಾಗಿ ಎಣಿಸಬೇಕೆಂದು ತೋರಾ ವಿಧಿಸುತ್ತದೆ. ಐವತ್ತನೆಯ ದಿನ ಶಾವುಓತ್ ಹಬ್ಬ; ಸಿನಾಯ್ ಪರ್ವತದಲ್ಲಿ ಧರ್ಮೋಪದೇಶವಾದ ದಿನವೆಂದು ಅದನ್ನು ಆಚರಿಸುವರು. ಯೆರೂಸಲೇಮಿನಲ್ಲಿ ದೇವಾಲಯವಿದ್ದ ಕಾಲದಲ್ಲಿ ಜವೆಗೋಧಿಯ ಹೊಸ ಬೆಳೆಯಿಂದ ಒಂದು ಅಳತೆಯನ್ನು ತಂದು ಅರ್ಪಿಸಿ ಈ ಎಣಿಕೆಯನ್ನು ಆರಂಭಿಸುತ್ತಿದ್ದರು. ಆ ಅಳತೆಯ ಹೆಸರೇ ಓಮರ್. ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ಕೆಡವಿದ ಮೇಲೆ ಅರ್ಪಣೆ ನಿಂತಿತು, ಎಣಿಕೆ ಮಾತ್ರ ಇಂದಿಗೂ ನಡೆದಿದೆ. ಇನ್ನು ‘ಲಗ್’ ಎಂಬುದು ಸಂಖ್ಯೆ. ಹೀಬ್ರೂ ವರ್ಣಮಾಲೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯಾಮೌಲ್ಯವುಂಟು; ‘ಲಾಮೆದ್’ ಅಕ್ಷರಕ್ಕೆ 30, ‘ಗಿಮೆಲ್’ ಅಕ್ಷರಕ್ಕೆ 3. ಎರಡೂ ಕೂಡಿ ‘ಲಗ್’, ಅಂದರೆ 33. ನಮ್ಮ ಕಟಪಯಾದಿ ಸಂಖ್ಯಾಕ್ರಮವನ್ನು ಬಲ್ಲ ಹಿರಿಯರಿಗೆ ಇದು ಹೊಸದೆನಿಸಲಾರದು. ಅವರ ಪಂಚಾಂಗವೂ ನಮ್ಮದರಂತೆ ಚಾಂದ್ರಮಾಸಗಳನ್ನು ಅಧಿಕಮಾಸದಿಂದ ಸರಿದೂಗಿಸುವಂಥದು. ಹತ್ತೊಂಬತ್ತು ವರುಷಗಳಲ್ಲಿ ಏಳು ಬಾರಿ ಅಧಿಕಮಾಸ ಬರುತ್ತದೆ. ಎಣಿಕೆಯ ಮೂವತ್ತಮೂರನೆಯ ದಿನವು ಅವರ ಇಯ್ಯಾರ್ ಮಾಸದ ಹದಿನೆಂಟನೆಯ ದಿನ. ಏಪ್ರಿಲ್ ಕೊನೆಯಲ್ಲಿ ಇಲ್ಲವೆ ಮೇ ತಿಂಗಳಲ್ಲಿ, ಹುಣ್ಣಿಮೆ ಕಳೆದ ಮೂರು ದಿನಗಳ ಆಸುಪಾಸಿನಲ್ಲಿ ಬೀಳುತ್ತದೆ.

ಈ ಎಣಿಕೆಯ ಕಟ್ಟುನಿಟ್ಟು ಕುತೂಹಲಕರವಾದುದು. ಅವರಿಗೆ ದಿನವು ಸೂರ್ಯಾಸ್ತದಿಂದ ಆರಂಭವಾಗುವುದರಿಂದ ಪ್ರತಿದಿನ ರಾತ್ರಿಯಾದ ಮೇಲೆ ಆಶೀರ್ವಚನ ಹೇಳಿ, ಇಂದು ಇಷ್ಟನೆಯ ದಿನವೆಂದು ಬಾಯಿಬಿಟ್ಟು ನುಡಿಯಬೇಕು. ನಡುವೆ ಒಂದು ದಿನವನ್ನು ಪೂರ್ತಿಯಾಗಿ ಮರೆತವನು ಮುಂದಿನ ದಿನಗಳನ್ನು ಎಣಿಸಬಹುದು, ಆದರೆ ಆಶೀರ್ವಚನ ಹೇಳುವಂತಿಲ್ಲ. ಇನ್ನೂ ಎಣಿಸದಿರುವವನನ್ನು ಸಂಜೆ ಯಾರಾದರೂ ‘ಇಂದು ಎಷ್ಟನೆಯ ದಿನ?’ ಎಂದು ಕೇಳಿದರೆ ಆತ ನೇರವಾಗಿ ಉತ್ತರಿಸುವುದಿಲ್ಲ. ‘ನಿನ್ನೆ ಮೂವತ್ತೆರಡಾಗಿತ್ತು’ ಎನ್ನುತ್ತಾನೆ. ಇಂದಿನ ಸಂಖ್ಯೆ ನಾಲಗೆಗೆ ಬಂದರೆ ಅದೇ ಎಣಿಕೆಯಾಗಿಬಿಟ್ಟೀತೆಂಬ ಎಚ್ಚರ. ಇದು ಎಲ್ಲಿಯ ಗೊಡವೆ ಎಂದು ನಗುವವರು ನಗಲಿ, ಏಳು ವಾರಗಳ ಕಾಲ ಒಂದು ಕುಟುಂಬವು ಹಿರಿಯರಿಂದ ಕಿರಿಯರವರೆಗೆ ಪ್ರತಿ ಸಂಜೆ ಒಂದು ವಿಷಯವನ್ನು ಮರೆಯದೆ ನೆನೆಯುವುದು ಸಾಮಾನ್ಯವಲ್ಲ.

ಈ ದಿನಗಳು ಹರ್ಷದ ದಿನಗಳಾಗಬೇಕಿತ್ತು. ಆದರೆ ಬಹುಕಾಲದಿಂದ ಇವು ಸೂತಕದಂತೆ ಸಾಗುತ್ತಿವೆ. ಮದುವೆ ಮಾಡುವುದಿಲ್ಲ, ಕ್ಷೌರ ಮಾಡಿಸುವುದಿಲ್ಲ, ವಾದ್ಯಗೋಷ್ಠಿ ಇಲ್ಲ. ಕಾರಣವನ್ನು ಅವರ ಶಾಸ್ತ್ರಸಂಗ್ರಹವಾದ ತಾಲ್ಮುದ್ ತಿಳಿಸುತ್ತದೆ. ಎರಡನೆಯ ಶತಮಾನದ ಮಹಾಗುರು ರಬ್ಬಿ ಅಕೀವಾ ಮೊದಲು ಕುರಿ ಕಾಯುತ್ತಿದ್ದವರು. ನಲವತ್ತರ ವಯಸ್ಸಿನಲ್ಲಿ ಅಕ್ಷರ ಕಲಿಯಲು ಕುಳಿತು ತಮ್ಮ ಯುಗದ ಶ್ರೇಷ್ಠ ಪಂಡಿತರಾದರೆಂದು ಪರಂಪರೆ ಹೇಳುತ್ತದೆ. ಅವರಿಗೆ ಹನ್ನೆರಡು ಸಾವಿರ ಜೋಡಿ, ಎಂದರೆ 24,000 ಶಿಷ್ಯರು. ಆ ಶಿಷ್ಯರೆಲ್ಲರೂ ಪಸ್ಖ ಮತ್ತು ಶಾವುಓತ್‌ಗಳ ನಡುವಣ ಇವೇ ದಿನಗಳಲ್ಲಿ ಗಂಟಲು ಬಿಗಿಯುವ ಘೋರ ವ್ಯಾಧಿಯಿಂದ ಸತ್ತರು. ಏಕೆ ಸತ್ತರು? ಒಬ್ಬರನ್ನೊಬ್ಬರು ಗೌರವದಿಂದ ಕಾಣಲಿಲ್ಲವಾದ ಕಾರಣ ಸತ್ತರು ಎನ್ನುತ್ತದೆ ತಾಲ್ಮುದ್. ಒಬ್ಬನ ವಿದ್ಯೆಯನ್ನು ಮತ್ತೊಬ್ಬ ಸಹಿಸಲಿಲ್ಲವೆಂದು ಇನ್ನೊಂದು ಪ್ರಾಚೀನ ವ್ಯಾಖ್ಯಾನವು ವಿವರಿಸುತ್ತದೆ.

ನೆರೆಯವನನ್ನು ತನ್ನಂತೆಯೇ ಪ್ರೀತಿಸುವುದು ತೋರಾದ ಮಹಾತತ್ತ್ವವೆಂದು ಬೋಧಿಸಿದ ಗುರು ಇದೇ ಅಕೀವಾ ಎಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು. ಅಂಥ ಗುರುವಿನ ಪಾದದಡಿ ಕುಳಿತವರಿಗೆ ಪಕ್ಕದಲ್ಲಿ ಕುಳಿತ ಸಹಪಾಠಿಯ ಮೇಲೆ ಆದರ ಹುಟ್ಟಲಿಲ್ಲ. ಅವರು ಶಾಸ್ತ್ರ ಬಿಟ್ಟವರಲ್ಲ, ಅನಾಚಾರಿಗಳಲ್ಲ. ಹಗಲಿರುಳು ಓದಿದವರು. ಈ ರೋಗ ಪಾಠಶಾಲೆಗಳಿಗೆ, ಧರ್ಮಪೀಠಗಳಿಗೆ, ವಿದ್ವತ್ಸಭೆಗಳಿಗೆ ಅಂಟಿದುದನ್ನು ನಾವೂ ನಮ್ಮ ಅರವತ್ತು ಮೀರಿದ ಆಯುಸ್ಸಿನಲ್ಲಿ ಸಾಕಷ್ಟು ಕಂಡಿದ್ದೇವೆ. ಅದರ ವಿವರ ಇಲ್ಲಿ ಬೇಡ.

ಇತಿಹಾಸಕಾರರಲ್ಲಿ ಕೆಲವರು ಬೇರೊಂದು ಊಹೆ ಮಾಡುತ್ತಾರೆ. ಕ್ರಿ.ಶ. 132ರಿಂದ 135ರವರೆಗೆ ಬರ್ ಕೊಖ್ಬನ ನಾಯಕತ್ವದಲ್ಲಿ ಯಹೂದ್ಯರು ರೋಮನರ ವಿರುದ್ಧ ದಂಗೆಯೆದ್ದರು. ಅಕೀವಾ ಅದನ್ನು ಬೆಂಬಲಿಸಿದರು, ಕೊನೆಗೆ ರೋಮನರ ಕೈಯಲ್ಲಿ ಹುತಾತ್ಮರಾದರು. ಶಿಷ್ಯರು ಸತ್ತದ್ದು ಆ ಯುದ್ಧದಲ್ಲಿಯೇ, ವ್ಯಾಧಿಯೆಂಬುದು ಮರೆಮಾತು ಎಂದು ಅವರ ವಾದ. ಇರಲೂಬಹುದು. ಹಾಗಿದ್ದರೆ ನಮಗೆ ಇನ್ನೂ ದೊಡ್ಡದೊಂದು ಸೋಜಿಗ ತೋರುತ್ತದೆ. ಶತ್ರುವಿನ ಕತ್ತಿಗೆ ಸತ್ತರೆಂದು ಹೇಳಿಕೊಂಡರೆ ಆ ಜನಕ್ಕೆ ವೀರಗಾಥೆ ದೊರೆಯುತ್ತಿತ್ತು. ಅದನ್ನು ಬಿಟ್ಟು, ನಮ್ಮವರು ನಮ್ಮವರನ್ನೇ ಗೌರವಿಸಲಿಲ್ಲ, ಅದಕ್ಕಾಗಿ ಸತ್ತರು ಎಂಬ ನಾಚಿಕೆಯ ಮಾತನ್ನು ಗ್ರಂಥದಲ್ಲಿ ಬರೆದಿಟ್ಟುಕೊಂಡು, ವರ್ಷವರ್ಷವೂ ಅದಕ್ಕಾಗಿ ಮದುವೆ ಮುಂದೂಡಿ ಕುಳಿತಿರುವ ಜನಾಂಗವನ್ನು ನಾವು ಮತ್ತೆಲ್ಲಿಯೂ ಕಾಣೆವು.

ಮೂವತ್ತಮೂರನೆಯ ದಿನ ಸಾವು ನಿಂತಿತೆಂದು ಮಧ್ಯಯುಗದ ಪಂಡಿತರು ಬರೆದಿದ್ದಾರೆ. ಆದ್ದರಿಂದ ಅಂದು ಶೋಕಕ್ಕೆ ಬಿಡುವು. ಮದುವೆಗಳು ನಡೆಯುತ್ತವೆ. ಮೂರು ವರ್ಷ ತುಂಬಿದ ಗಂಡುಮಗುವಿನ ಕೂದಲನ್ನು ಮೊದಲ ಬಾರಿಗೆ ತೆಗೆಸುವ, ನಮ್ಮ ಜವಳವನ್ನು ಹೋಲುವ ಶಾಸ್ತ್ರವನ್ನು ಅನೇಕರು ಈ ದಿನಕ್ಕೆಂದೇ ಕಾದಿಡುತ್ತಾರೆ. ರಾತ್ರಿ ಬಯಲಿನಲ್ಲಿ ಬೆಂಕಿ ಹಾಕುವರು; ಮಕ್ಕಳು ಅದರಲ್ಲಿ ಆಲೂಗಡ್ಡೆ ಸುಟ್ಟು ತಿನ್ನುವರು, ಬಿಲ್ಲುಬಾಣ ಹಿಡಿದು ಆಡುವರು.

ಸಂತೋಷಕ್ಕೆ ಎರಡನೆಯ ಕಾರಣವೂ ಉಂಟು. 24,000 ಮಂದಿಯನ್ನು ಕಳೆದುಕೊಂಡ ವೃದ್ಧ ಗುರು ಕೈಚೆಲ್ಲಲಿಲ್ಲ. ದಕ್ಷಿಣದ ಕಡೆಗೆ ಹೋಗಿ ಐವರಿಗೆ ಮತ್ತೆ ಮೊದಲಿನಿಂದ ಪಾಠ ಹೇಳಿದರು. ಹಿಂದಿನವರಂತೆ ನೀವಾಗಬೇಡಿರೆಂದು ಎಚ್ಚರಿಸಿದರು. ಧರ್ಮ ಉಳಿದುದು ಆ ಐವರಿಂದ. ಅವರಲ್ಲೊಬ್ಬರು ರಬ್ಬಿ ಶಿಮೊನ್ ಬರ್ ಯೋಹೈ. ಅವರು ದೇಹಬಿಟ್ಟ ದಿನವಿದೆಂದು ನಂಬಿಕೆ. ಮಹಾತ್ಮರ ಮರಣದಿನವನ್ನು ಆ ಜನ ‘ಹಿಲೂಲಾ’ ಎನ್ನುವರು. ಆ ಶಬ್ದಕ್ಕೆ ಮದುವೆಯ ಸಂಭ್ರಮವೆಂದು ಅರ್ಥ. ಶರಣರ ಅಗಲಿಕೆಯನ್ನು ಲಿಂಗೈಕ್ಯವೆನ್ನುವ ನಮ್ಮ ಮನೆಗಳಲ್ಲಿ ಇದಕ್ಕೆ ವ್ಯಾಖ್ಯಾನ ಬೇಕಾಗದು.

ಶಿಮೊನರ ಕಥೆಯೂ ಕೇಳತಕ್ಕದ್ದು. ರೋಮನರನ್ನು ಟೀಕಿಸಿದ ತಪ್ಪಿಗೆ ಮರಣದಂಡನೆಗೆ ಗುರಿಯಾಗಿ ಅವರು ಮಗನೊಡನೆ ಗವಿಯೊಂದರಲ್ಲಿ ಅಡಗಿದರು. ಕ್ಯಾರಬ್ ಎಂಬ ಸಿಹಿಕಾಯಿಯ ಮರ, ಒಂದು ಒರತೆ, ಇಷ್ಟರಿಂದ ಹನ್ನೆರಡು ವರ್ಷ ಜೀವ ಹಿಡಿದರು, ಹಗಲೆಲ್ಲ ಅಧ್ಯಯನ. ಹೊರಗೆ ಬಂದಾಗ ಹೊಲ ಉಳುತ್ತಿರುವ, ಬಿತ್ತುತ್ತಿರುವ ಜನ ಕಣ್ಣಿಗೆ ಬಿದ್ದರು. ಶಾಶ್ವತವಾದುದನ್ನು ಬಿಟ್ಟು ಕ್ಷಣಿಕವಾದುದರಲ್ಲಿ ಮುಳುಗಿದ್ದಾರಲ್ಲ ಎಂದು ತಂದೆಮಕ್ಕಳಿಗೆ ತಿರಸ್ಕಾರ ಹುಟ್ಟಿತು; ಅವರ ದೃಷ್ಟಿ ಬಿದ್ದಲ್ಲೆಲ್ಲ ಉರಿ ಹತ್ತಿತು. ಆಗ ಆಕಾಶವಾಣಿಯಾಯಿತು: ದೇವರ ಲೋಕವನ್ನು ಹಾಳುಮಾಡಲು ಹೊರಬಂದಿರೇನು, ಮರಳಿ ಗವಿಗೆ ನಡೆಯಿರೆಂದು ಗದರಿಸಿತು. ಇನ್ನೊಂದು ವರ್ಷ ಒಳಗಿದ್ದು ಬಂದಾಗ, ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ಗೌರವಕ್ಕಾಗಿ ಪರಿಮಳದೆಲೆಯ ಎರಡು ಕಟ್ಟುಗಳನ್ನು ಹಿಡಿದು ಸಂಜೆ ಲಗುಬಗೆಯಿಂದ ಹೋಗುತ್ತಿದ್ದ ಒಬ್ಬ ಮುದುಕನನ್ನು ಕಂಡರು. ಅಷ್ಟರಿಂದಲೇ ಅವರ ಮನಸ್ಸು ತಿಳಿಯಾಯಿತು. ಹೊಲದವನ ದುಡಿಮೆಯನ್ನು ಹೀನವೆಂದು ಕಂಡ ತಪಸ್ವಿಗೆ ಮತ್ತೆ ಗವಿಯೇ ಶಿಕ್ಷೆಯಾದುದು, ಕಾಯಕವನ್ನು ಕುರಿತು ದಿನವೂ ಮಾತನಾಡುವ ನಮಗೆ ತುಂಬ ಹಿಡಿಸಿತು.

ಶಿಮೊನರ ಸಮಾಧಿ ಇಸ್ರೇಲಿನ ಗಲಿಲಾಯ ಪ್ರಾಂತದ ಮೆರೋನಿನಲ್ಲಿದೆ. ಲಕ್ಷಗಟ್ಟಲೆ ಜನ ಸೇರುವ ಈ ಹಬ್ಬದ ಜಾತ್ರೆಯಲ್ಲಿ 2021ರ ಏಪ್ರಿಲ್ 30ರ ನಸುಕಿನಲ್ಲಿ ಇಕ್ಕಟ್ಟಾದ ಇಳಿಜಾರು ದಾರಿಯೊಂದರಲ್ಲಿ ನೂಕುನುಗ್ಗಲಾಗಿ 45 ಮಂದಿ ಗಂಡಸರೂ ಬಾಲಕರೂ ಪ್ರಾಣ ಬಿಟ್ಟರು. ಜಾತ್ರೆಗಳನ್ನು ನಡೆಸುವ ಎಲ್ಲ ಕ್ಷೇತ್ರಗಳ ಕಾರ್ಯಕರ್ತರೂ ಆ ಸುದ್ದಿಯನ್ನು ನೆನಪಿಡಬೇಕು.

ಆದರೆ ನಮ್ಮ ಮನಸ್ಸು ನಿಂತದ್ದು ಮೆರೋನಿನಲ್ಲಲ್ಲ, ಆಫ್ರಿಕದ ಉತ್ತರದ ಅಂಚಿನಲ್ಲಿರುವ ಟ್ಯುನೀಶಿಯ ದೇಶದ ಜೆರ್ಬಾ ಎಂಬ ದ್ವೀಪದಲ್ಲಿ. ಅಲ್ಲಿನ ಎರ್ ರಿಯಾದ್ ಗ್ರಾಮದಲ್ಲಿ ‘ಘ್ರೀಬಾ’ ಎಂಬ ಸಿನಗಾಗ್ ಇದೆ. ಅರಬ್ಬಿಯಲ್ಲಿ ಆ ಹೆಸರಿಗೆ ಪರದೇಶಿ, ಒಂಟಿಯಾದವಳು ಎಂಬ ಅರ್ಥ. ಊರ ಹೊರಗೆ ಗುಡಿಸಲಿನಲ್ಲಿ ಒಂಟಿಯಾಗಿದ್ದ ತರುಣಿಯೊಬ್ಬಳ ಗುಡಿಸಲು ಸಿಡಿಲಿಗೆ ಸುಟ್ಟರೂ ಆಕೆಯ ದೇಹಕ್ಕೆ ಕಲೆಯೂ ತಾಗಲಿಲ್ಲವೆಂದೂ, ಬದುಕಿದ್ದಾಗ ಆಕೆಯನ್ನು ವಿಚಾರಿಸದಿದ್ದ ಜನ ಆ ಸ್ಥಳದಲ್ಲಿ ಮಂದಿರ ಕಟ್ಟಿದರೆಂದೂ ಸ್ಥಳಪುರಾಣ. ಕ್ರಿ.ಪೂ. 586ರಲ್ಲಿ ಯೆರೂಸಲೇಮಿನ ಮೊದಲ ದೇವಾಲಯ ನಾಶವಾದಾಗ ಓಡಿಬಂದ ಪುರೋಹಿತರು ಅಲ್ಲಿಯ ಕಲ್ಲೊಂದನ್ನು ತಂದು ಇಲ್ಲಿ ಇರಿಸಿದರೆಂಬುದು ಇನ್ನೊಂದು ನಂಬಿಕೆ. ಈಗಿನ ಕಟ್ಟಡ ಅಷ್ಟು ಹಳೆಯದಲ್ಲ. ನೀಲಿ ಬಣ್ಣದ ಮರದ ಕಮಾನುಗಳು, ಬಣ್ಣದ ಬಿಲ್ಲೆಗಳ ಗೋಡೆಗಳು. ಒಳಗಣ ಸಭಾಂಗಣಕ್ಕೆ ಹೋಗುವವರು ಪಾದರಕ್ಷೆ ಕಳಚುತ್ತಾರೆ.

ಇಯ್ಯಾರ್ ಹದಿನಾಲ್ಕರಂದು ಅಕೀವಾರ ಮತ್ತೊಬ್ಬ ಶಿಷ್ಯ ರಬ್ಬಿ ಮೇಯಿರರ ಸ್ಮರಣೆ, ಹದಿನೆಂಟರಂದು ಶಿಮೊನರದು. ಈ ದಿನಗಳಲ್ಲಿ ಘ್ರೀಬಾದ ಯಾತ್ರೆ. ಫ್ರಾನ್ಸ್, ಇಸ್ರೇಲ್ ಮುಂತಾದೆಡೆಗಳಿಗೆ ಚದುರಿದ ಕುಟುಂಬಗಳು ಬಂದು ಸೇರುತ್ತವೆ. ದೀಪ ಹಚ್ಚುತ್ತಾರೆ. ಕನ್ಯೆಯರೂ ಮಕ್ಕಳಿಲ್ಲದ ಹೆಣ್ಣುಮಕ್ಕಳೂ ತಮ್ಮ ಹೆಸರು, ಹರಕೆಗಳನ್ನು ಮೊಟ್ಟೆಯ ಮೇಲೆ ಬರೆದು ಗ್ರಂಥಪೀಠದ ಕೆಳಗಣ ಗವಿಯಂಥ ಜಾಗದಲ್ಲಿ ಇಡುತ್ತಾರೆ. ನೆರೆಯ ಮುಸಲ್ಮಾನ ಸ್ತ್ರೀಯರೂ ಬಂದು ಹರಕೆ ಹೊರುವುದುಂಟು. ಹೊರಗೆ ‘ಮೆನಾರಾ’ ಎಂಬ, ಹಂತಹಂತವಾಗಿ ಮೇಲೇರುವ ಆರುಮುಖದ ಲೋಹದ ಗೋಪುರವೊಂದನ್ನು ಗಾಡಿಯ ಮೇಲೇರಿಸಿ, ಮದುಮಗಳನ್ನು ಸಿಂಗರಿಸುವಂತೆ ರೇಷ್ಮೆಯ ವಸ್ತ್ರಗಳಿಂದ ಸಿಂಗರಿಸಿ, ಹಾಡುತ್ತ ಊರಲ್ಲಿ ಮೆರೆಸುತ್ತಾರೆ. ನಮ್ಮ ತೇರನ್ನು ಕಂಡವರಿಗೆ ಇದು ಅಪರಿಚಿತ ನೋಟವೆನಿಸದು. ಸವಾಲು ಕೂಗಿ ಬಂದ ಹಣ ಮಂದಿರದ ನಿರ್ವಹಣೆಗೆ ಸಲ್ಲುತ್ತದೆ.

ಆ ಸಮುದಾಯ ದೊಡ್ಡದಲ್ಲ. 1948ರ ಸುಮಾರಿಗೆ ಟ್ಯುನೀಶಿಯದಲ್ಲಿ ಒಂದು ಲಕ್ಷದಷ್ಟು ಯಹೂದ್ಯರಿದ್ದರು. ಈಗ ಉಳಿದವರು ಸುಮಾರು 1,500, ಹೆಚ್ಚಿನವರು ಜೆರ್ಬಾದಲ್ಲಿ. ಅವರ ಈ ಮಂದಿರದ ಮೇಲೆ ಪದೇ ಪದೇ ದಾಳಿ ನಡೆದಿದೆ. 2002ರ ಏಪ್ರಿಲ್ 11ರಂದು ಸ್ಫೋಟಕ ತುಂಬಿದ ಅನಿಲದ ಲಾರಿಯೊಂದು ಬಾಗಿಲಲ್ಲಿ ಸಿಡಿದು, ನೋಡಲು ಬಂದಿದ್ದ 14 ಮಂದಿ ಜರ್ಮನರೂ ಇತರರೂ ಸತ್ತರು. 2023ರಲ್ಲಿ ಐದು ಸಾವಿರಕ್ಕೂ ಮಿಕ್ಕಿ ಯಾತ್ರಿಕರು ಬಂದಿದ್ದರು. ಮೇ 9ರ ರಾತ್ರಿ, ಉತ್ಸವ ಮುಗಿಯುತ್ತಿದ್ದಾಗ, ಕಾವಲಿನ ಪಡೆಗೇ ಸೇರಿದವನೊಬ್ಬ ಗುಂಡು ಹಾರಿಸಿ ಇಬ್ಬರು ಯಾತ್ರಿಕರನ್ನೂ ಭದ್ರತಾ ಸಿಬ್ಬಂದಿಯನ್ನೂ ಕೊಂದ. ಸತ್ತ ಯಾತ್ರಿಕರಿಬ್ಬರೂ ಸೋದರಸಂಬಂಧಿಗಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಜೆರ್ಬಾ ದ್ವೀಪದ ಜನವಸತಿಯ ಕ್ರಮವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟೆಲ್ಲ ನಡೆದ ಮೇಲೆ ಆ ಜನಕ್ಕೆ ಹೊರಗಿನ ವೈರಿಗಳನ್ನು ಎಣಿಸುತ್ತ ಕೂರುವ ಹಕ್ಕಿತ್ತು. ಹಾಗಿದ್ದೂ ಅವರು ಪಸ್ಖದ ಎರಡನೆಯ ರಾತ್ರಿಯಿಂದ ಎಣಿಸತೊಡಗುವುದು ಎಂದಿನಂತೆ ಓಮರ್ ದಿನಗಳನ್ನೇ. ಆ ದಿನಗಳಲ್ಲಿ ಹೇಳಿಕೊಳ್ಳುವುದು ಒಬ್ಬರನ್ನೊಬ್ಬರು ಮನ್ನಿಸದ ಆ ಶಿಷ್ಯರ ಕಥೆಯನ್ನೇ. 2024ರಲ್ಲಿ ಗಾಜಾ ಯುದ್ಧದ ಕಾರಣದಿಂದ ಮೆರವಣಿಗೆಯನ್ನು ನಿಲ್ಲಿಸಬೇಕಾಯಿತು. ಬಿಗಿ ಕಾವಲಿನ ನಡುವೆ ಬಂದ ಕೆಲವೇ ಯಾತ್ರಿಕರು ಮಂದಿರದ ಒಳಗೆ ದೀಪ ಹಚ್ಚಿ ಪ್ರಾರ್ಥಿಸಿದರು. ಮೆನಾರಾ ಆ ವರ್ಷ ಊರಲ್ಲಿ ಮೆರೆಯಲಿಲ್ಲ.