ಮಣ್ಣಿನ ಬ್ಯಾಕ್ಟೀರಿಯಾ ಬೆಳೆಯ ವೈರಸ್ ರೋಗವನ್ನು ವಾಸಿ ಮಾಡುತ್ತದೆಯೇ?

ಟೊಮೆಟೊ, ಮೆಣಸಿನಕಾಯಿ ಬೆಳೆಯುವವರ ವಾಟ್ಸ್‌ಆಪ್ ಗ್ರೂಪಿನಲ್ಲಿ ನೀವಿದ್ದರೆ ಇಂಥ ಸಂದೇಶವೊಂದು ನಿಮಗೂ ಬಂದಿರಬಹುದು. ಮೊದಲ ಫೋಟೊದಲ್ಲಿ ಎಲೆ ಮುದುಡಿ, ಹಳದಿ ತಿರುಗಿ, ಬೆಳವಣಿಗೆ ನಿಂತ ಗಿಡ. ಎರಡನೆಯದರಲ್ಲಿ ಹಸಿರು ಚಿಗುರು. ಕೆಳಗೆ, ‘ಮಣ್ಣಿನ ಒಳ್ಳೆಯ ಬ್ಯಾಕ್ಟೀರಿಯಾ ಸಿಂಪಡಿಸಿ, ವೈರಸ್ ಮಾಯ! ಎಲ್ಲ ರೈತರಿಗೂ ಶೇರ್ ಮಾಡಿ’ ಎಂಬ ಸಾಲು.

ಈ ಸಂದೇಶದಲ್ಲಿ ಅರ್ಧ ವಿಜ್ಞಾನವಿದೆ, ಅರ್ಧ ವ್ಯಾಪಾರವಿದೆ. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಗಿಡಕ್ಕೆ ವೈರಸ್ ರೋಗವನ್ನು ಎದುರಿಸುವ ಶಕ್ತಿ ಹೆಚ್ಚಿಸಬಲ್ಲವು. ಇದು ಪ್ರಯೋಗಗಳಲ್ಲಿ ಕಂಡಿರುವ ಸಂಗತಿ. ಆದರೆ ರೋಗ ಹಿಡಿದ ಗಿಡವನ್ನು ಅವು ವಾಸಿ ಮಾಡುವುದಿಲ್ಲ. ಈ ಎರಡು ಮಾತಿನ ನಡುವಿನ ವ್ಯತ್ಯಾಸ ತಿಳಿಯದೆ ಹೋದರೆ ರೈತರ ದುಡ್ಡೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಗಿಡದೊಳಗಿನ ವೈರಸ್‌ಗೆ ಔಷಧಿ ಏಕಿಲ್ಲ?

ಶಿಲೀಂಧ್ರ ರೋಗಕ್ಕೆ ಶಿಲೀಂಧ್ರನಾಶಕ ಇದೆ, ಹುಳುವಿಗೆ ಕೀಟನಾಶಕ ಇದೆ. ಹಾಗಾದರೆ ವೈರಸ್‌ಗೂ ಒಂದು ಔಷಧಿ ಇರಬೇಕಲ್ಲವೇ ಎಂದು ಅನ್ನಿಸುವುದು ಸಹಜ. ಆದರೆ ವೈರಸ್ ತಾನಾಗಿಯೇ ಬದುಕುವ ಜೀವಿಯಲ್ಲ. ಅದು ಗಿಡದ ಜೀವಕೋಶದ ಒಳಗೆ ಸೇರಿ, ಆ ಕೋಶದ ವ್ಯವಸ್ಥೆಯನ್ನೇ ಬಳಸಿಕೊಂಡು ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಅದನ್ನು ನಾಶ ಮಾಡಲು ಹೊರಟರೆ ಗಿಡದ ಕೋಶಕ್ಕೂ ಪೆಟ್ಟು ಬೀಳುತ್ತದೆ. ಆದ್ದರಿಂದಲೇ ಹೊಲದಲ್ಲಿ ನಿಂತಿರುವ ಗಿಡದಿಂದ ವೈರಸ್ ತೆಗೆದುಹಾಕುವ ಸಿಂಪಡಣೆ ಇಂದಿಗೂ ಇಲ್ಲ. ಸ್ಟ್ರೆಪ್ಟೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ, ವೈರಸ್ ಮೇಲಲ್ಲ.

ನಮ್ಮ ಕಡೆಯ ಉದಾಹರಣೆಯನ್ನೇ ನೋಡಿ. ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ಬೆಳೆಗಾರರಿಗೆ ಎಲೆ ಮುಟುರು ರೋಗ ಹೊಸದಲ್ಲ. ಇದಕ್ಕೆ ಕಾರಣವಾಗುವ ವೈರಸ್‌ಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ. ಈ ರೋಗವನ್ನು ಹರಡುವುದು ಬಿಳಿ ನೊಣ. ರೋಗದ ಗಿಡದ ರಸ ಹೀರಿದ ನೊಣ ಪಕ್ಕದ ಗಿಡದ ಮೇಲೆ ಕೂತು ರಸ ಹೀರುವಾಗ ವೈರಸ್ ಅಲ್ಲಿಗೂ ದಾಟುತ್ತದೆ. ಸಸಿ ಚಿಕ್ಕದಿರುವಾಗಲೇ ರೋಗ ತಗುಲಿದರೆ ಆ ಗಿಡದಿಂದ ಕಾಯಿ ನಿರೀಕ್ಷಿಸುವುದೇ ಕಷ್ಟ.

ಹಾಗಾದರೆ ಬ್ಯಾಕ್ಟೀರಿಯಾ ಮಾಡುವುದೇನು?

ಬೇರಿನ ಸುತ್ತಲಿನ ತೆಳುವಾದ ಮಣ್ಣಿನ ಪದರದಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಇರುತ್ತವೆ. ಬೇರು ಒಸರುವ ಸಕ್ಕರೆಯಂಥ ವಸ್ತುಗಳೇ ಅವುಗಳ ಆಹಾರ. ಇವುಗಳಲ್ಲಿ ಸೂಡೊಮೊನಾಸ್, ಬ್ಯಾಸಿಲಸ್ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಗಿಡಕ್ಕೆ ಉಪಕಾರಿಗಳು.

ಈಗ ಒಂದು ಪ್ರಶ್ನೆ ಏಳುತ್ತದೆ. ಬ್ಯಾಕ್ಟೀರಿಯಾ ಇರುವುದು ಬೇರಿನಲ್ಲಿ, ವೈರಸ್ ಸೇರುವುದು ಎಲೆಯ ಮೂಲಕ. ಎರಡೂ ಮುಖಾಮುಖಿ ಆಗುವುದೇ ಇಲ್ಲ. ಹಾಗಿದ್ದ ಮೇಲೆ ಒಂದು ಇನ್ನೊಂದನ್ನು ತಡೆಯುವುದು ಹೇಗೆ?

ಉತ್ತರ ಗಿಡದಲ್ಲೇ ಇದೆ. ಬೇರಿಗೆ ಅಂಟಿಕೊಂಡ ಬ್ಯಾಕ್ಟೀರಿಯಾದ ಮೈಮೇಲಿನ ಮತ್ತು ಅದು ಹೊರಬಿಡುವ ಕೆಲವು ವಸ್ತುಗಳನ್ನು ಗಿಡ ಗುರುತಿಸುತ್ತದೆ. ಅಲ್ಲಿಂದ ಜಾಸ್ಮೋನಿಕ್ ಆಮ್ಲ, ಎಥಿಲೀನ್‌ನಂಥ ಗಿಡದ ಹಾರ್ಮೋನುಗಳ ಮೂಲಕ ಎಲೆಗಳವರೆಗೂ ಸುದ್ದಿ ಮುಟ್ಟುತ್ತದೆ. ಆಗ ಗಿಡ ತನ್ನ ರಕ್ಷಣೆಯನ್ನು ಪೂರ್ತಿ ಶುರು ಮಾಡುವುದಿಲ್ಲ, ಎಚ್ಚರವಾಗಿರುತ್ತದೆ ಅಷ್ಟೆ. ಮುಂದೆ ನಿಜವಾದ ರೋಗಾಣು ಬಂದಾಗ ಎಚ್ಚರವಾಗಿದ್ದ ಗಿಡ ಬೇಗ ಮತ್ತು ಜೋರಾಗಿ ಪ್ರತಿಕ್ರಿಯಿಸುತ್ತದೆ. ಊರಿಗೆ ಕಳ್ಳರು ಬರಬಹುದೆಂಬ ಸುದ್ದಿ ಮೊದಲೇ ಸಿಕ್ಕರೆ ಜನ ಬಾಗಿಲು ಭದ್ರ ಮಾಡಿಕೊಳ್ಳುವ ಹಾಗೆ. ಕಳ್ಳ ಒಳಗೆ ಬಂದ ಮೇಲೆ ಆ ಸುದ್ದಿಯಿಂದ ಹೆಚ್ಚು ಉಪಯೋಗವಿಲ್ಲ.

ಇದನ್ನು ‘ಗಿಡದ ಲಸಿಕೆ’ ಎಂದು ಕೆಲವರು ಕರೆಯುತ್ತಾರೆ. ಮೊದಲೇ ಕೊಡಬೇಕು ಎಂಬ ಮಟ್ಟಿಗೆ ಹೋಲಿಕೆ ಸರಿ. ಆದರೆ ನಮ್ಮ ಹಾಗೆ ಗಿಡದಲ್ಲಿ ಆ್ಯಂಟಿಬಾಡಿಗಳು ಉಂಟಾಗುವುದಿಲ್ಲ. ಒಂದು ನಿರ್ದಿಷ್ಟ ವೈರಸ್ಸನ್ನು ಗುರುತಿಟ್ಟುಕೊಳ್ಳುವ ಶಕ್ತಿಯೂ ಇದರಿಂದ ಬರುವುದಿಲ್ಲ. ಸಿಗುವುದು ಒಟ್ಟಾರೆ ಎಚ್ಚರ ಮಾತ್ರ.

ಪ್ರಯೋಗಗಳು ಏನು ಹೇಳುತ್ತವೆ?

ಬೇರಿನ ಬ್ಯಾಕ್ಟೀರಿಯಾ ದೂರದ ಕಾಂಡ, ಎಲೆಗಳಿಗೂ ರಕ್ಷಣೆ ಕೊಡಬಲ್ಲದು ಎಂಬುದನ್ನು 1991ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಕಾರ್ನೇಷನ್ ಹೂಗಿಡದಲ್ಲಿ, ಅಮೆರಿಕದಲ್ಲಿ ಸೌತೆ ಗಿಡದಲ್ಲಿ ತೋರಿಸಲಾಯಿತು. ಆಗ ಪರೀಕ್ಷಿಸಿದ್ದು ಶಿಲೀಂಧ್ರ ರೋಗಗಳನ್ನು. ವೈರಸ್ ರೋಗಗಳ ಮೇಲಿನ ಪ್ರಯೋಗಗಳು ನಂತರ ಬಂದವು.

ಟೊಮೆಟೊ ಗಿಡಕ್ಕೆ ಸೌತೆಯ ಮೊಸಾಯಿಕ್ ವೈರಸ್ಸನ್ನು ಬೇಕೆಂದೇ ತಗುಲಿಸಿ ಅಮೆರಿಕದ ಸಂಶೋಧಕರು ನಡೆಸಿದ ಪ್ರಯೋಗದ ಫಲಿತಾಂಶ 2000ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾ ಕೊಡದ ಗಿಡಗಳಲ್ಲಿ ಶೇ. 88ರಿಂದ 98ರಷ್ಟು ರೋಗಲಕ್ಷಣ ತೋರಿದವು. ಅತ್ಯುತ್ತಮ ಬ್ಯಾಕ್ಟೀರಿಯಾ ಕೊಟ್ಟ ಗಿಡಗಳಲ್ಲಿ ಈ ಪ್ರಮಾಣ ಶೇ. 32ರಿಂದ 58. ಇದು ದೊಡ್ಡ ವ್ಯತ್ಯಾಸವೇ. ಆದರೆ ಎರಡು ವಿಷಯ ಗಮನಿಸಿ. ಒಂದು, ಇದು ಹಸಿರುಮನೆಯೊಳಗಿನ ಅಂಕಿ. ಎರಡು, ಅತ್ಯುತ್ತಮ ಬ್ಯಾಕ್ಟೀರಿಯಾ ಇದ್ದರೂ ಸುಮಾರು ಮೂರರಲ್ಲಿ ಒಂದು ಗಿಡಕ್ಕಾದರೂ ರೋಗ ಬಂದಿದೆ.

ಹೊಲದಲ್ಲಿ ಏನಾಯಿತು? ನಮ್ಮ ಎಲೆ ಮುಟುರು ರೋಗದ ಹಾಗೆಯೇ ಬಿಳಿ ನೊಣದಿಂದ ಹರಡುವ ಟೊಮೆಟೊ ಮಾಟಲ್ ವೈರಸ್ ಮೇಲೆ ಅಮೆರಿಕದ ಫ್ಲೋರಿಡಾದಲ್ಲಿ ನಡೆದ ಪ್ರಯೋಗವೂ 2000ರಲ್ಲೇ ಪ್ರಕಟವಾಗಿದೆ. ಬಿಳಿ ನೊಣದ ಕಾಟ ಹೆಚ್ಚಿದ್ದ ಹೊಲದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನಾಟಿ ಮಾಡಿದ ಸುಮಾರು 40 ದಿನಗಳವರೆಗೆ ರೋಗವನ್ನು ತಗ್ಗಿಸಿದವು. ಕೆಲವು ಕಡೆ ಇಳುವರಿಯೂ ಹೆಚ್ಚಿತು. ಎಲ್ಲ ಬ್ಯಾಕ್ಟೀರಿಯಾಗಳಿಂದಲೂ ಅಲ್ಲ, ಎಲ್ಲ ಸಲವೂ ಅಲ್ಲ.

ನಮ್ಮಲ್ಲೂ ಈ ಕೆಲಸ ನಡೆದಿದೆ. ಅಲಸಂದೆಗೆ ಬರುವ ಮೊಸಾಯಿಕ್ ವೈರಸ್ ಕುರಿತು ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು, ಬಾಳೆಯ ಬಂಚಿ ಟಾಪ್ ವೈರಸ್ ಕುರಿತು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ಉಪಕಾರಿ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿ ರೋಗ ಕಡಿಮೆಯಾಗುವುದನ್ನು ಕಂಡಿದ್ದಾರೆ.

40 ದಿನ ಎಂದರೆ ಕಡಿಮೆಯೇನಲ್ಲ. ಟೊಮೆಟೊಗೆ ಚಿಕ್ಕ ವಯಸ್ಸಿನಲ್ಲಿ ತಗುಲುವ ವೈರಸ್ಸೇ ಹೆಚ್ಚು ಹಾನಿ ಮಾಡುವುದರಿಂದ, ಆ ದಿನಗಳನ್ನು ದಾಟಿಸಿದರೂ ರೈತರಿಗೆ ಲಾಭವೇ. ಆದರೆ ಅದು ‘ವೈರಸ್ ಮಾಯ’ ಅಲ್ಲ.

ಮತ್ತೆ ಆ ಫೋಟೊದಲ್ಲಿ ಗಿಡ ಚಿಗುರಿದ್ದು ಹೇಗೆ?

ಫೋಟೊ ನಿಜವೇ ಇರಬಹುದು. ಆದರೆ ಮುದುಡಿದ ಎಲೆಗಳೆಲ್ಲ ವೈರಸ್‌ನಿಂದ ಆದವಲ್ಲ. ಮೆಣಸಿನ ಗಿಡದಲ್ಲಿ ಥ್ರಿಪ್ಸ್ ಕಾಟವಿದ್ದರೆ ಎಲೆಯ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ. ಮೈಟ್ ನುಸಿ ಇದ್ದರೆ ಕೆಳಕ್ಕೆ ಮಡಚಿಕೊಳ್ಳುತ್ತದೆ. ಪಕ್ಕದ ಹೊಲದಲ್ಲಿ ಹೊಡೆದ 2,4-ಡಿ ಕಳೆನಾಶಕ ಗಾಳಿಯಲ್ಲಿ ತೇಲಿಬಂದರೂ ಟೊಮೆಟೊ ಎಲೆ ತಿರುಚಿಕೊಳ್ಳುತ್ತದೆ. ಪೋಷಕಾಂಶದ ಕೊರತೆಯಿಂದ ಎಲೆ ಹಳದಿಯಾಗುವುದೂ ಉಂಟು. ಇಂಥ ಗಿಡಗಳು ಕಾರಣ ದೂರವಾದ ಮೇಲೆ ಹೊಸ ಚಿಗುರು ಬಿಡುತ್ತವೆ. ಆಗ ಯಾವ ಬಾಟಲಿಯ ದ್ರಾವಣ ಹೊಡೆದಿರುತ್ತೇವೋ ಅದಕ್ಕೆ ಕೀರ್ತಿ ಸಲ್ಲುತ್ತದೆ.

ಇನ್ನೊಂದು ಕಾರಣ, ಹೋಲಿಕೆಗೆ ಬಿಟ್ಟ ಸಾಲು ಇಲ್ಲದಿರುವುದು. ಅದೇ ಹೊಲದಲ್ಲಿ ದ್ರಾವಣ ಹಾಕದ ನಾಲ್ಕು ಸಾಲು ಇದ್ದು, ಅವು ಹೇಗಿವೆ ಎಂದು ತೋರಿಸಿದರೆ ಮಾತ್ರ ದ್ರಾವಣದಿಂದ ಏನಾಯಿತು ಎಂದು ಹೇಳಲು ಸಾಧ್ಯ. ಫಾರ್ವರ್ಡ್ ಆಗುವ ಫೋಟೊಗಳಲ್ಲಿ ಆ ನಾಲ್ಕು ಸಾಲು ಕಾಣುವುದು ಅಪರೂಪ.

ನಿಜವಾದ ನಷ್ಟ ಇರುವುದು ಇಲ್ಲೇ. ರೋಗದ ಗಿಡ ವಾಸಿಯಾಗುತ್ತದೆ ಎಂದು ನಂಬಿ ಅದನ್ನು ಹೊಲದಲ್ಲೇ ಬಿಟ್ಟುಕೊಂಡರೆ, ಬಿಳಿ ನೊಣ ಅದೇ ಗಿಡದಿಂದ ಇಡೀ ತೋಟಕ್ಕೆ, ಪಕ್ಕದವರ ತೋಟಕ್ಕೂ ವೈರಸ್ ಹಂಚಬಹುದು. ಬಾಟಲಿಗೆ ಕೊಟ್ಟ ದುಡ್ಡಿಗಿಂತ ಈ ತಡ ದುಬಾರಿ.

ರೈತರು ಏನು ಮಾಡಬಹುದು?

ಬ್ಯಾಕ್ಟೀರಿಯಾ ಬಳಸುವುದಾದರೆ ಬೀಜೋಪಚಾರ ಮತ್ತು ಸಸಿ ಹಂತವೇ ಸರಿಯಾದ ಸಮಯ. ಈಗ ಹೆಚ್ಚಿನವರು ನರ್ಸರಿಯಿಂದ ಪ್ರೋಟ್ರೇ ಸಸಿ ತರುತ್ತಾರೆ. ಹಾಗಾಗಿ ಕೋಕೋಪೀಟ್‌ಗೆ ಇವನ್ನು ಬೆರೆಸಿದ್ದಾರೆಯೇ, ಸಸಿಗಳನ್ನು ನೈಲಾನ್ ಬಲೆಯೊಳಗೆ ಬೆಳೆಸಿದ್ದಾರೆಯೇ ಎಂದು ಅಲ್ಲಿಯೇ ಕೇಳಿ.

ಇವು ಜೀವಂತ ಸೂಕ್ಷ್ಮಜೀವಿಗಳು. ಪ್ಯಾಕೆಟ್ ಮೇಲೆ ಬ್ಯಾಕ್ಟೀರಿಯಾದ ಹೆಸರು, ಸಿಎಫ್‌ಯು ಸಂಖ್ಯೆ ಅಂದರೆ ಒಂದು ಗ್ರಾಂನಲ್ಲಿ ಎಷ್ಟು ಜೀವಂತ ಬ್ಯಾಕ್ಟೀರಿಯಾ ಇವೆ ಎಂಬ ಲೆಕ್ಕ, ಅವಧಿ ಮುಗಿಯುವ ದಿನಾಂಕ ಮತ್ತು ನೋಂದಣಿ ಸಂಖ್ಯೆ ಇವೆಯೇ ನೋಡಿ. ಬಿಸಿಲಲ್ಲಿ ಇಡಬೇಡಿ. ತಾಮ್ರದ ಔಷಧಿ, ಸ್ಟ್ರೆಪ್ಟೊಮೈಸಿನ್ ಜೊತೆ ಬೆರೆಸಿದರೆ ಬ್ಯಾಕ್ಟೀರಿಯಾವೇ ಸತ್ತುಹೋಗುತ್ತದೆ. ಮನೆಯಲ್ಲೇ ತಯಾರಿಸುವ ಜೀವಾಮೃತದಲ್ಲೂ ಬ್ಯಾಕ್ಟೀರಿಯಾಗಳಿವೆ. ಆದರೆ ಯಾವುದು, ಎಷ್ಟು ಎಂಬುದು ಒಂದೊಂದು ಸಲ ಒಂದೊಂದು ರೀತಿ. ಆದ್ದರಿಂದ ಪರೀಕ್ಷಿಸಿದ ತಳಿಯ ಫಲಿತಾಂಶವನ್ನು ಅದಕ್ಕೆ ಹೊಂದಿಸಿ ಹೇಳಲಾಗದು.

ಉಳಿದ ಕ್ರಮಗಳನ್ನು ಬಿಡುವಂತಿಲ್ಲ. ರೋಗನಿರೋಧಕ ತಳಿ ಆರಿಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಟೊಮೆಟೊ ಎಲೆ ಮುಟುರು ರೋಗವನ್ನೂ ತಡೆದುಕೊಳ್ಳುವಂತೆ ಬೆಳೆಸಿದ ಹೈಬ್ರಿಡ್. ತೋಟದ ಸುತ್ತ ಎರಡು ಮೂರು ಸಾಲು ಮೆಕ್ಕೆಜೋಳ, ಒಳಗೆ ಹಳದಿ ಅಂಟು ಬಲೆ ಇದ್ದರೆ ಬಿಳಿ ನೊಣ ಕಡಿಮೆಯಾಗುತ್ತದೆ. ಚಿಕ್ಕ ಬೆಳೆಯಲ್ಲಿ ರೋಗದ ಗಿಡ ಕಂಡ ಕೂಡಲೇ ಕಿತ್ತು ನಾಶ ಮಾಡಿ. ಲಕ್ಷಣ ನೋಡಿ ಅನುಮಾನವಾದರೆ ಫೋಟೊ ಬದಲು ಗಿಡವನ್ನೇ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ರೋಗ ಬರುವ ಮೊದಲು ಬಳಸಬೇಕು ಎನ್ನುತ್ತಿದೆಯೇ, ಬಂದ ಮೇಲೆ ವಾಸಿ ಮಾಡುತ್ತದೆ ಎನ್ನುತ್ತಿದೆಯೇ? ಬ್ಯಾಕ್ಟೀರಿಯಾದ ಹೆಸರು ಹೇಳಿದೆಯೇ? ದ್ರಾವಣ ಹಾಕದ ಸಾಲನ್ನೂ ತೋರಿಸಿದೆಯೇ? ‘ವಾಸಿ ಮಾಡುತ್ತದೆ’ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮ ಗ್ರೂಪಿನಲ್ಲಿ ಯಾರೋ ಒಬ್ಬರು ಅದನ್ನು ನಂಬಿ, ಕೀಳಬೇಕಾದ ಗಿಡವನ್ನು ಉಳಿಸಿಕೊಳ್ಳುವುದು ತಪ್ಪುತ್ತದೆ.